1806ರ ಹಾಫ್ ಈಗಲ್: ಎಡಕ್ಕೆ ಎಂಟು ನಕ್ಷತ್ರ, ಬಲಕ್ಕೆ ಐದು. ಕೊಳ್ಳಲೇ, ಬಿಡಲೇ?

ಎಡಿಸನ್‌ವಾಸಿ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದು ಹದಿನೆಂಟು ವರ್ಷವಾಯಿತು. ಅಮೆರಿಕದ ಹಳೆಯ ಬೆಳ್ಳಿ ನಾಣ್ಯ ಕೂಡಿಸುತ್ತಾ ಬಂದಿದ್ದೇನೆ, ಚಿನ್ನಕ್ಕೆ ಈವರೆಗೆ ಕೈ ಹಾಕಿಲ್ಲ. ಮೊದಲ ಕಾಲದ್ದು, ಅಂದರೆ 1795ರಿಂದ 1834ರೊಳಗಿನದು, ಒಂದಾದರೂ ಮನೆಯಲ್ಲಿರಬೇಕು ಅಂತ ಎರಡು ವರ್ಷದಿಂದ ದುಡ್ಡು ಎತ್ತಿಡುತ್ತಿದ್ದೇನೆ.

ಕಳೆದ ಶನಿವಾರ ಒಂದು ನಾಣ್ಯ ಮೇಳದಲ್ಲಿ 1806ರ ಎರಡು ಹಾಫ್ ಈಗಲ್ ಕಣ್ಣಿಗೆ ಬಿದ್ದವು. ಐದು ಡಾಲರಿನ ನಾಣ್ಯ. ಒಂದು ಗ್ರೇಡ್ ಆಗಿ, ಅಂದರೆ ಪರೀಕ್ಷಿಸುವ ಸಂಸ್ಥೆಯಿಂದ ದರ್ಜೆ ಪಡೆದು, ಸ್ಲ್ಯಾಬ್ ಎಂಬ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು, ಚೀಟಿಯ ಮೇಲೆ ಬಿಡಿ-6 ಎಂಬ ಅಚ್ಚಿನ ಸಂಖ್ಯೆ ಇತ್ತು. ಇನ್ನೊಂದು ಬೇರೆ ಮೇಜಿನಲ್ಲಿ, ಬರಿಯ ಪ್ಲಾಸ್ಟಿಕ್ ಕವರಿನಲ್ಲಿ. ಅದರ ಮೇಲೆ 1806 ಅನ್ನುವುದು ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಕೆಲವು ಸಾವಿರ ಡಾಲರ್. ನಾನು ಎರಡನ್ನೂ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಮುಂಬದಿಯಲ್ಲಿ ಲಿಬರ್ಟಿಯ, ಅಂದರೆ ಟೋಪಿ ತೊಟ್ಟ ಹೆಂಗಸಿನ, ತಲೆಯ ಎರಡು ಪಕ್ಕದ ನಕ್ಷತ್ರ ಎಣಿಸಿ ನೋಡಿ ಅಂದರು. ಎಣಿಸಿದೆ. ಸ್ಲ್ಯಾಬ್‌ನಲ್ಲಿದ್ದದ್ದಕ್ಕೆ ಎಡಕ್ಕೆ 7, ಬಲಕ್ಕೆ 6. ಕವರಿನಲ್ಲಿದ್ದದ್ದಕ್ಕೆ ಎಡಕ್ಕೆ 8, ಬಲಕ್ಕೆ 5. ಒಂದೇ ವರ್ಷದ, ಒಂದೇ ಟಂಕಸಾಲೆಯ ನಾಣ್ಯದಲ್ಲಿ ಇದು ಹೇಗೆ? ಇದರಿಂದ ಬೆಲೆ ಬದಲಾಗುತ್ತದೆಯೇ? ಎಂಟು-ಐದರ ನಾಣ್ಯದಲ್ಲಿ ಲಿಬರ್ಟಿಯ ಕೆನ್ನೆಯ ಮೇಲೆ ಸಮಾನಾಂತರವಾಗಿ ಮೂರು ಗೀರು ಇವೆ, ಅದೂ ಚಿಂತೆ. ಮುಂದಿನ ಶನಿವಾರ ಈ ನಾಣ್ಯದ ವ್ಯಾಪಾರಿ ಇನ್ನೊಂದು ಊರಿನ ಮೇಳಕ್ಕೆ ಬರುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಅಚ್ಚುಮೆಚ್ಚು

ಸಾರ್, ಮೊದಲು ಇಸವಿಯ ಕೊನೆಯ ಅಂಕಿ ನೋಡಿ. ಎಂಟು-ಐದರ ನಾಣ್ಯದಲ್ಲಿ 6ರ ಮೇಲ್ತುದಿ ಚೂಪಾಗಿ ಮುಗಿದಿರಬೇಕು. ಏಳು-ಆರರದ್ದರಲ್ಲಿ ಅದೇ ತುದಿಗೆ ಸಾಸಿವೆ ಕಾಳು ಅಂಟಿಸಿದ ಹಾಗೆ ಗುಂಡು ಇರುತ್ತದೆ. ಇಲ್ಲಿಯವರು ಪಾಯಿಂಟೆಡ್ 6, ನಾಬ್ಡ್ 6 ಅನ್ನುತ್ತಾರೆ. ಆ ವರ್ಷ ಅಚ್ಚಾದ ಹಾಫ್ ಈಗಲ್ 64,093. ಅದರಲ್ಲಿ ಚೂಪು 6ಕ್ಕೆ 9,676, ಗುಂಡು 6ಕ್ಕೆ 54,417 ಎಂದು ಪಟ್ಟಿಗಳು ಹಂಚುತ್ತವೆ. ಗುಂಡು 6ರವು ಎಲ್ಲವೂ ಒಂದೇ ಅಚ್ಚು ಜೋಡಿಯಿಂದ ಬಂದವು, ಅದೇ ಬಿಡಿ-6. ಹಳೆಯ ಹಾಫ್ ಈಗಲ್‌ಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಜೋಡಿಗಳಲ್ಲಿ ಅದೂ ಒಂದು. ಚೂಪು 6ರದ್ದು ಹಾಗಲ್ಲ. ಜೋಡಿಗಳು ಹಲವು, ಒಂದೊಂದರಲ್ಲೂ ಉಳಿದಿರುವ ನಾಣ್ಯ ಕಡಿಮೆ.

ಹೇಗೆ ಅಂತ ಕೇಳಿದಿರಿ. ಆಗಿನ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಒಂದು ಅಚ್ಚು ಮಾಡುವುದೆಂದರೆ ಪೂರ್ತಿ ಕೈಕೆಲಸ. ಲಿಬರ್ಟಿಯ ತಲೆಗೆ ಮಾತ್ರ ಒಂದು ದೊಡ್ಡ ಪಂಚ್ ಇರುತ್ತಿತ್ತು. ಅದನ್ನು ಮೆದು ಉಕ್ಕಿನೊಳಕ್ಕೆ ಒತ್ತಿದ ಮೇಲೆ ಹದಿಮೂರು ನಕ್ಷತ್ರ, ಲಿಬರ್ಟಿ ಎಂಬ ಪದದ ಏಳು ಅಕ್ಷರ, ಇಸವಿಯ ನಾಲ್ಕು ಅಂಕಿ, ಇವಿಷ್ಟನ್ನೂ ಒಂದೊಂದಾಗಿ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಆಮೇಲೆ ಉಕ್ಕನ್ನು ಕಾಯಿಸಿ, ತಣಿಸಿ ಗಟ್ಟಿ ಮಾಡಬೇಕು. ಒಂದು ಅಚ್ಚಿನಲ್ಲಿ ನಕ್ಷತ್ರದ ಮೂಲೆ ಅಕ್ಷರಕ್ಕೆ ತಾಗಿರುತ್ತದೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ದೂರ ನಿಂತಿರುತ್ತದೆ. ಒಂದರಲ್ಲಿ ಇಸವಿ ಎಡಕ್ಕೆ ವಾಲಿದೆ, ಇನ್ನೊಂದರಲ್ಲಿ ಕೊನೆಯ ಅಂಕಿ ಎದೆಯ ಗೆರೆಗೆ ಮುಟ್ಟಿದೆ. ಒಬ್ಬನೇ ಕೆಲಸಗಾರ ಒಂದೇ ದಿನ ಎರಡು ಅಚ್ಚು ಮಾಡಿದರೂ ಅವು ಒಂದೇ ತರಹ ಬರುವುದಿಲ್ಲ. ಮುಂಬದಿಯ ಒಂದು ಅಚ್ಚು, ಹಿಂಬದಿಯ ಒಂದು ಅಚ್ಚು ಸೇರಿದರೆ ಒಂದು ಜೋಡಿ. ನಾವು ಡೈ ವೆರೈಟಿ ಅನ್ನುವುದು ಈ ಜೋಡಿಯನ್ನೇ.

ಬಿಡಿ ಅಂದರೆ ಬಾಸ್ ಮತ್ತು ಡಾನ್‌ರೂಥರ್. ಹ್ಯಾರಿ ಬಾಸ್ ಡಲ್ಲಾಸ್‌ನವರು, ಈ ಚಿನ್ನದ ನಾಣ್ಯಗಳನ್ನು ಜೋಡಿ ಜೋಡಿಯಾಗಿ ಹುಡುಕಿ ಕೂಡಿಸಿದವರು. ಒಂದೇ ಜೋಡಿಯ ನಾಣ್ಯವನ್ನೂ ಅಚ್ಚು ಹೊಸದಿದ್ದಾಗಿನದು, ಬಿರುಕು ಬಿಟ್ಟ ಮೇಲಿನದು ಎಂದು ಬೇರೆ ಬೇರೆ ಇಟ್ಟುಕೊಳ್ಳುತ್ತಿದ್ದರು. ಅವರು 1998ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳ ಮೇಲೆ ಜಾನ್ ಡಾನ್‌ರೂಥರ್ ಕೆಲಸ ಮುಂದುವರಿಸಿ 2006ರಲ್ಲಿ ಪುಸ್ತಕವಾಗಿ ತಂದರು. ಈಗ ಎಲ್ಲರೂ ಬಳಸುವ ಸಂಖ್ಯೆ ಅದರದ್ದೇ.

ಬಾಸ್ ಅವರ ಕಣ್ಣು ಎಂಥದ್ದು ಅನ್ನುವುದಕ್ಕೆ ಒಂದೇ ಉದಾಹರಣೆ ಹೇಳುತ್ತೇನೆ. 1803ರ ಹತ್ತು ಡಾಲರಿನ ಈಗಲ್. ಹಿಂಬದಿಯಲ್ಲಿ ಹದ್ದಿನ ತಲೆಯ ಮೇಲೆ ಹದಿಮೂರು ನಕ್ಷತ್ರ, ಅದರ ಮೇಲೆ ಮೋಡದ ಸಾಲು. ಒಂದು ಜೋಡಿಯಲ್ಲಿ ಬಲತುದಿಯ ಮೋಡದೊಳಗೆ ಹದಿನಾಲ್ಕನೆಯ ನಕ್ಷತ್ರ ಇದೆ. ತೀರಾ ಸಣ್ಣದು, ಅರ್ಧ ಮೋಡದಲ್ಲಿ ಹೂತುಹೋಗಿದೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಎಷ್ಟೋ ಕೈ ದಾಟಿ ಬಂದ ನಾಣ್ಯದಲ್ಲಿ ಅದನ್ನು ಗುರುತಿಸಿದ್ದು ಅವರು. ನಾನು ಮೊದಲ ಸಲ ಆ ಚಿತ್ರ ದೊಡ್ಡದು ಮಾಡಿ ನೋಡಿದಾಗ, ಎಲ್ಲಿದೆ ಅಂತ ಗೊತ್ತಿದ್ದೂ ಹುಡುಕಬೇಕಾಯಿತು.

ನಿಮ್ಮ ನಾಣ್ಯದ ಗೀರಿನ ಬಗ್ಗೆ ಫೋಟೊ ನೋಡದೆ ಹೇಳಲಾರೆ. ಹಾಕಿ.

ಶಾಸನದ ಹುಡುಗಿ

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ಇಂಥ ಒಂದು ನಾಣ್ಯ ಕೊಳ್ಳುವ ಶಕ್ತಿ ನನಗಿಲ್ಲ, ಆದರೆ ಹರಾಜು ಸಂಸ್ಥೆಗಳ ಹಳೆಯ ಚಿತ್ರಗಳು ಯಾರು ಬೇಕಾದರೂ ನೋಡುವಂತೆ ತೆರೆದಿವೆ. ಎರಡು ವರ್ಷದಿಂದ ರಾತ್ರಿ ಊಟವಾದ ಮೇಲೆ ಇದೇ ಕೆಲಸ. ಹಾಸ್ಟೆಲಿನ ಲ್ಯಾಪ್‌ಟಾಪ್‌ನಲ್ಲಿ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡುವುದು. ಶಾಸನ ಓದಲು ಕಲಿತ ಕಣ್ಣಿಗೆ ಇದು ಬಹಳ ಹತ್ತಿರದ ವಿದ್ಯೆ ಅನಿಸುತ್ತದೆ.

1802ರ ಹಾಫ್ ಈಗಲ್ ತೆಗೆದುಕೊಳ್ಳಿ. ಆ ವರ್ಷದ ಯಾವ ನಾಣ್ಯ ನೋಡಿದರೂ 2ರ ಅಡಿಯಲ್ಲಿ 1 ಕಾಣುತ್ತದೆ. 1801 ಎಂಬ ಇಸವಿಯ ಹಾಫ್ ಈಗಲ್ ಒಂದೂ ಇಲ್ಲ. ಅಂದರೆ 1801ಕ್ಕೆಂದು ಅಚ್ಚು ಕೊರೆದು ಸಿದ್ಧ ಮಾಡಿದ್ದರು, ಬಳಸಲಿಲ್ಲ, ಮರುವರ್ಷ ಕೊನೆಯ ಅಂಕಿಯ ಮೇಲೆ 2 ಹೊಡೆದು ಬಳಸಿದರು. ಅಲ್ಲಿಗೆ ನಿಲ್ಲಲಿಲ್ಲ, 1803ರ ಎಲ್ಲ ಹಾಫ್ ಈಗಲ್‌ನಲ್ಲೂ 3ರ ಅಡಿಯಲ್ಲಿ 2 ಇದೆ. ಒಳ್ಳೆಯ ಉಕ್ಕು ಸಿಗುವುದು ಕಷ್ಟವಿದ್ದ ಕಾಲ, ಗಟ್ಟಿಯಾದ ಒಂದು ಅಚ್ಚನ್ನೂ ಅವರು ಎಸೆಯುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ 1795ರದ್ದು. ಅದರ ಒಂದು ಹಿಂಬದಿ ಅಚ್ಚಿನಲ್ಲಿ ಸ್ಟೇಟ್ಸ್ ಪದದ ಕೊನೆಯ ಎಸ್ ಅಕ್ಷರದ ಕೆಳಗೆ ಡಿ ಇಣುಕುತ್ತದೆ. ಕೆಲಸಗಾರ ಯುನೈಟೆಡ್ ಪದ ಹೊಡೆದು ಮುಗಿಸಿದ್ದ ಗುಂಗಿನಲ್ಲಿ ಇಲ್ಲಿಯೂ ಡಿ ಹೊಡೆದನೋ ಏನೋ, ಆಮೇಲೆ ಮೇಲೆಯೇ ಎಸ್ ಹೊಡೆದು ಸರಿ ಮಾಡಿದ್ದಾನೆ. ನಮ್ಮ ಕಲ್ಲಿನ ಶಾಸನಗಳಲ್ಲಿ ರೂವಾರಿ ಬಿಟ್ಟ ಅಕ್ಷರವನ್ನು ಸಾಲಿನ ಕೆಳಗೆ ಸಣ್ಣದಾಗಿ ಸೇರಿಸಿರುವುದು ಸಿಗುತ್ತದೆ. ಅದನ್ನು ಕಂಡಾಗ ಆಗುವ ಅನುಭವವೇ ಇಲ್ಲಿಯೂ ಆಯಿತು. ಕೆಲಸ ಮಾಡಿದ ಮನುಷ್ಯ ಎದುರಿಗೆ ಬಂದು ನಿಂತ ಹಾಗೆ.

ಒಂದು ಪ್ರಶ್ನೆ ಇದೆ ಅಚ್ಚುಮೆಚ್ಚು ಸರ್. ಹರಾಜು ಪಟ್ಟಿಗಳಲ್ಲಿ ಒಂದು ಜೋಡಿ ಎಷ್ಟು ಅಪರೂಪ ಅನ್ನುವುದಕ್ಕೆ ಆರ್-5, ಆರ್-7 ಅಂತ ಬರೆಯುತ್ತಾರಲ್ಲ, ಅದು ಸ್ಥಿರವೇ? ಹಳೆಯ ಪಟ್ಟಿಯಲ್ಲಿ ಆರ್-7 ಇದ್ದದ್ದು ಹೊಸದರಲ್ಲಿ ಆರ್-6 ಆಗಿರುವುದು ನೋಡಿದೆ.

ಅಚ್ಚುಮೆಚ್ಚು

ಸ್ಥಿರವಲ್ಲಮ್ಮ. ಅದು ಇಂದು ಗೊತ್ತಿರುವ ನಾಣ್ಯಗಳ ಎಣಿಕೆ. ಆರ್-8 ಅಂದರೆ ಒಂದರಿಂದ ಮೂರು, ಆರ್-7 ನಾಲ್ಕರಿಂದ ಹನ್ನೆರಡು, ಆರ್-6 ಹದಿಮೂರರಿಂದ ಮೂವತ್ತು, ಆರ್-5 ಮೂವತ್ತೊಂದರಿಂದ ಎಪ್ಪತ್ತೈದು. ಯಾರದೋ ಲಾಕರಿನಿಂದ ಹದಿಮೂರನೆಯದು ಬಂತೆಂದರೆ ಆರ್-7 ಆರ್-6 ಆಗುತ್ತದೆ. ಹಾಗಾಗಿ ಕೇವಲ ಆ ಅಂಕಿ ನೋಡಿ ದುಡ್ಡು ಸುರಿಯಬಾರದು. ಇನ್ನೊಂದು ಮಾತು, ಹುಡುಕುವವರು ಇದ್ದರೆ ಮಾತ್ರ ಅಪರೂಪಕ್ಕೆ ಬೆಲೆ. 1795ರ ಈಗಲ್‌ನಲ್ಲಿ ಹದ್ದು ನಿಂತಿರುವ ತಾಳೆಗರಿಗೆ ಸಾಮಾನ್ಯವಾಗಿ 13 ಎಲೆ, ಒಂದೇ ಒಂದು ಜೋಡಿಯಲ್ಲಿ 9 ಎಲೆ. ಒಂಬತ್ತೆಲೆಯದು ಉಳಿದಿರುವುದು ಸುಮಾರು ಇಪ್ಪತ್ತು. ಅದು ಬರಿಗಣ್ಣಿಗೆ ಕಾಣುತ್ತದೆ, ಎಲ್ಲ ಮುಖ್ಯ ಪಟ್ಟಿಗಳಲ್ಲೂ ಬೇರೆಯಾಗಿ ನಮೂದಾಗಿದೆ, ಆದ್ದರಿಂದ ಬಹಳ ದುಬಾರಿ. ಅಷ್ಟೇ ಅಪರೂಪದ ಇನ್ನೊಂದು ಜೋಡಿಯಲ್ಲಿ ನಕ್ಷತ್ರ ಸ್ವಲ್ಪ ಸರಿದಿರುತ್ತದೆ ಅಷ್ಟೇ, ಅದು ಸಾಮಾನ್ಯ ನಾಣ್ಯದ ಬೆಲೆಗೆ ಕೈಗೆ ಬರಬಹುದು. ಓದಿಕೊಂಡವರಿಗೆ ಸಿಗುವ ಅವಕಾಶ ಅಲ್ಲಿದೆ.

ಫಿಲ್ಲಿ ಕನ್ನಡತಿ

ನಾನು ಇರುವುದು ಫಿಲಡೆಲ್ಫಿಯಾದಲ್ಲೇ. ಮೊದಲ ಟಂಕಸಾಲೆ ಇದ್ದದ್ದು ಸೆವೆಂತ್ ಸ್ಟ್ರೀಟ್‌ನಲ್ಲಿ, ಕಟ್ಟಡ ಈಗಿಲ್ಲ. ಆ ರಸ್ತೆಯಲ್ಲಿ ಆಫೀಸಿಗೆ ನಡೆದುಹೋಗುವಾಗ ಪ್ರತಿ ಸಲವೂ ಇದು ನೆನಪಾಗುತ್ತದೆ.

ಎಡಿಸನ್‌ವಾಸಿಯವರೇ, ಈ ನಾಣ್ಯಗಳು ಯಾಕೆ ಕಡಿಮೆ ಅನ್ನುವುದಕ್ಕೆ ಅಚ್ಚಾದದ್ದು ಕಡಿಮೆ ಎಂಬ ಉತ್ತರ ಸಾಲದು. 1792ರ ಟಂಕ ಕಾಯಿದೆಯಲ್ಲಿ ಚಿನ್ನಕ್ಕೂ ಬೆಳ್ಳಿಗೂ ತೂಕಕ್ಕೆ ತೂಕ 15ಕ್ಕೆ 1 ಎಂದು ನಿಗದಿ ಮಾಡಿದರು. ಯುರೋಪಿನಲ್ಲಿ ಅದೇ ಚಿನ್ನಕ್ಕೆ ಹದಿನೈದೂವರೆಯ ಹತ್ತಿರ ಬೆಳ್ಳಿ ಸಿಗುತ್ತಿತ್ತು. ವ್ಯಾಪಾರಿ ಸುಮ್ಮನಿರುತ್ತಾನೆಯೇ? ಇಲ್ಲಿ ಚಿನ್ನದ ನಾಣ್ಯ ಕೂಡಿಸಿ ಹಡಗಿನಲ್ಲಿ ಅತ್ತ ಕಳಿಸಿ ಕರಗಿಸಿದರೇ ಲಾಭ. ಹತ್ತು ಡಾಲರಿನ ಈಗಲ್ ಅಚ್ಚು ಹಾಕುವುದನ್ನೇ 1804ರಲ್ಲಿ ನಿಲ್ಲಿಸಿದರು, ಮತ್ತೆ ಶುರುವಾದದ್ದು 1838ಕ್ಕೆ. ಕೊನೆಗೆ 1834ರಲ್ಲಿ ಹೊಸ ಕಾಯಿದೆ ಬಂದು ನಾಣ್ಯದ ಚಿನ್ನ ಇಳಿಸಿದಾಗ ಹಳೆಯ ನಾಣ್ಯದೊಳಗಿನ ಚಿನ್ನದ ಬೆಲೆ ಅದರ ಮುಖಬೆಲೆಗಿಂತ ಹೆಚ್ಚಾಯಿತು. ಉಳಿದಿದ್ದವೂ ಮೂಸೆಗೆ ಹೋದವು. 1822ರ ಹಾಫ್ ಈಗಲ್ ಲೆಕ್ಕದ ಪುಸ್ತಕದಲ್ಲಿ 17,796. ಇಂದು ಜಗತ್ತಿನಲ್ಲಿ ಗೊತ್ತಿರುವುದು ಮೂರು. ಎರಡು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿವೆ, ಮೂರನೆಯದು 2021ರಲ್ಲಿ 84 ಲಕ್ಷ ಡಾಲರಿಗೆ ಹೋಯಿತು.

ಕೆನ್ನೆಯ ಗೀರಿನ ವಿಷಯ. ಚಿನ್ನದ ಬಿಲ್ಲೆ ಕತ್ತರಿಸಿದ ಮೇಲೆ ಒಂದೊಂದನ್ನೂ ತಕ್ಕಡಿಯಲ್ಲಿ ತೂಗುತ್ತಿದ್ದರು. ಹಾಫ್ ಈಗಲ್‌ಗೆ 135 ಗ್ರೇನ್, ಅಂದರೆ 8.75 ಗ್ರಾಂ. ತೂಕ ಕಡಿಮೆಯಿದ್ದರೆ ಕರಗಿಸಲು ವಾಪಸು, ಹೆಚ್ಚಿದ್ದರೆ ಅರದಿಂದ ಉಜ್ಜಿ ಸರಿ ಮಾಡುವುದು. 1795ರಲ್ಲಿ ಈ ಕೆಲಸಕ್ಕೆ ಸಾರಾ ವಾಲ್ಡ್ರೇಕ್, ರೇಚಲ್ ಸಮ್ಮರ್ಸ್ ಎಂಬ ಇಬ್ಬರು ಹೆಂಗಸರನ್ನು ನೇಮಿಸಿಕೊಂಡಿದ್ದರು. ಅರದ ಗೆರೆ ಒತ್ತಿನಲ್ಲಿ ಪೂರ್ತಿ ಅಳಿಸಿಹೋಗದಿದ್ದರೆ ಇಂದಿಗೂ ನಾಣ್ಯದ ಮೇಲೆ ಕಾಣುತ್ತದೆ. ಗೀರು ಕಂಡ ಕೂಡಲೇ ಯಾರೋ ಹಾಳು ಮಾಡಿದ್ದಾರೆ ಅಂದುಕೊಳ್ಳಬೇಡಿ. ಟಂಕಸಾಲೆಯೊಳಗಿನ ಕೈಯ ಗುರುತೂ ಆಗಿರಬಹುದು.

ಧಾರವಾಡದಾಂವ

ಭಾಳ ಛಂದ ನಡದೈತ್ರಿ ಮಾತು. ನಾ ಕೂಡಿಸೋದು ವಿಜಯನಗರದ ವರಹ, ಫಣ. ನಮ್ಮ ಕಡೆದ್ರಾಗ ಅಚ್ಚು ದೊಡ್ಡದು, ಬಿಲ್ಲಿ ಸಣ್ಣದು. ಹಂಗಾಗಿ ಒಂದ್ ವರಹದಾಗ ಅಚ್ಚಿನ ಒಂದ್ ಭಾಗ ಅಷ್ಟ ಬಿದ್ದಿರತೈತಿ. ನಾಲ್ಕಾರು ವರಹ ಕೂಡಿಸಿ ಇಟ್ಟಾಗ ಒಂದ್ ಅಚ್ಚು ಪೂರಾ ಹೆಂಗಿತ್ತು ಅಂತ ತಿಳೀತೈತಿ. ಅಮೆರಿಕದ್ದು ಪೂರಾ ಅಚ್ಚು ಒಂದ ಬಿಲ್ಲಿ ಮ್ಯಾಲ ಸಿಗತೈತಲ್ಲ, ಅದ ಒಂದ್ ಭಾಗ್ಯ. ನನಗೊಂದ್ ತಿಳೀಬೇಕಾಗೈತಿ. ಯಾವ ಅಚ್ಚು ಮೊದಲು, ಯಾವುದು ಆಮ್ಯಾಲ ಅಂತ ಹೆಂಗ ಹೇಳ್ತೀರಿ? ಇಸವಿ ಹಾಕಿದ್ದಾರ ಅಂದ್ರ ಸಾಕೇನ್ರಿ?

ಅಚ್ಚುಮೆಚ್ಚು

ಸಾಲದು ಸಾರ್, ಇಸವಿಯನ್ನು ನಂಬಿದರೆ ದಾರಿ ತಪ್ಪುತ್ತದೆ. 1795 ಎಂದು ಇಸವಿ ಇರುವ ಹಾಫ್ ಈಗಲ್ ಎರಡು ತರಹ ಇವೆ. ಒಂದರ ಹಿಂಬದಿಯಲ್ಲಿ ಬಾಯಲ್ಲಿ ಹಾರ ಹಿಡಿದ ಸಣ್ಣ ಹದ್ದು. ಇನ್ನೊಂದರಲ್ಲಿ ಎದೆಗೆ ಗುರಾಣಿಯಿಟ್ಟ ದೊಡ್ಡ ಹದ್ದು. ದೊಡ್ಡ ಹದ್ದಿನದು 1795ರಲ್ಲಿ ಅಚ್ಚಾದದ್ದೇ ಅಲ್ಲ. ಎರಡು-ಮೂರು ವರ್ಷ ಬಿಟ್ಟು, ಮೂಲೆಯಲ್ಲಿ ಉಳಿದಿದ್ದ 1795ರ ಮುಂಬದಿ ಅಚ್ಚನ್ನು ಹೊಸ ಹಿಂಬದಿಗೆ ಜೋಡಿಸಿ ಹೊಡೆದದ್ದು. ಹಳದಿ ಜ್ವರ ಬಂದು 1797, 1798, 1799ರಲ್ಲಿ ಟಂಕಸಾಲೆಗೆ ಬೀಗ ಬಿದ್ದಿತ್ತು, ಮತ್ತೆ ತೆರೆದಾಗ ಕೈಗೆ ಸಿಕ್ಕ ಅಚ್ಚು ಹಾಕಿದರು ಎಂಬ ವಾದವೂ ಇದೆ.

ಕ್ರಮ ಹೇಳಿಕೊಡುವುದು ಬಿರುಕು. ಉಕ್ಕಿನ ಅಚ್ಚು ದಣಿದಾಗ ಕೂದಲೆಳೆಯ ಬಿರುಕು ಬಿಡುತ್ತದೆ. ಒತ್ತಿದಾಗ ಚಿನ್ನ ಅದರೊಳಕ್ಕೆ ನುಗ್ಗಿ ನಾಣ್ಯದ ಮೇಲೆ ಎತ್ತರಿಸಿದ ಗೆರೆಯಾಗುತ್ತದೆ. ಬಿರುಕು ಬೆಳೆಯುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಒಂದು ಹಿಂಬದಿ ಅಚ್ಚು 'ಅ' ಮುಂಬದಿಯ ಜೊತೆ ಬಿರುಕಿಲ್ಲದೆ, 'ಆ' ಮುಂಬದಿಯ ಜೊತೆ ಬಿರುಕು ಬಿಟ್ಟು ಸಿಕ್ಕಿತು ಅನ್ನಿ. 'ಆ' ಮುಂಬದಿಯಲ್ಲಿ ಯಾವುದೇ ಇಸವಿ ಇರಲಿ, ನಾಣ್ಯ ಅಚ್ಚಾದದ್ದು ಆಮೇಲೆಯೇ. ಇದಕ್ಕೆ ಎರಡನೇ ಮಾತಿಲ್ಲ.

ಶಾಸನದ ಹುಡುಗಿ

ಇದಕ್ಕೆ ಸೇರಿದ ಇನ್ನೊಂದು ಸಂಗತಿ, ಚಿನ್ನದ ಬೆಲೆಗೆ ಹೆದರಿದವರಿಗೆ ಉಪಯೋಗವಾಗಬಹುದು. ಆ ಕಾಲದ ಚಿನ್ನದ ನಾಣ್ಯಗಳ ಮೇಲೆ ಬೆಲೆಯನ್ನೇ ಬರೆಯುತ್ತಿರಲಿಲ್ಲ. ಹಾಫ್ ಈಗಲ್‌ಗೆ ಬೆಲೆ ಬಂದದ್ದು 1807ರ ಹೊಸ ವಿನ್ಯಾಸದಲ್ಲಿ, ಎರಡೂವರೆ ಡಾಲರಿನ ಕ್ವಾರ್ಟರ್ ಈಗಲ್‌ಗೆ 1808ರಲ್ಲಿ. ಕ್ವಾರ್ಟರ್ ಈಗಲ್ ಮತ್ತು ಹತ್ತು ಸೆಂಟಿನ ಬೆಳ್ಳಿ ಡೈಮ್ ಹೆಚ್ಚುಕಡಿಮೆ ಒಂದೇ ಅಳತೆ. ಹಿಂಬದಿಯ ಹದ್ದೂ ಒಂದೇ. ಬೆಲೆ ಬರೆದಿಲ್ಲವಾದ್ದರಿಂದ ಒಂದೇ ಹಿಂಬದಿ ಅಚ್ಚಿನಿಂದ ಎರಡನ್ನೂ ಹೊಡೆದಿದ್ದಾರೆ! 1804ರ ಡೈಮ್‌ನಲ್ಲಿ 13 ನಕ್ಷತ್ರದ ಹಿಂಬದಿ ಇದೆ, 14 ನಕ್ಷತ್ರದ ಹಿಂಬದಿಯೂ ಇದೆ. ಆ ವರ್ಷದ ಕ್ವಾರ್ಟರ್ ಈಗಲ್‌ನಲ್ಲೂ ಅವೇ ಎರಡು. 1807ರ ಡೈಮ್‌ನ ಹಿಂಬದಿ ಅಚ್ಚು ಕೂಡ ಕ್ವಾರ್ಟರ್ ಈಗಲ್‌ಗೆ ಬಳಕೆಯಾದದ್ದೇ. ಸವೆದ 1807ರ ಡೈಮ್ ಕೆಲವು ನೂರು ಡಾಲರಿಗೆ ಸಿಗುತ್ತದೆ. ಚಿನ್ನವನ್ನು ಒತ್ತಿದ ಅದೇ ಉಕ್ಕು ಒತ್ತಿದ ಬೆಳ್ಳಿ ಅದು. ಕೆಲಸ ಸಿಕ್ಕ ಮೇಲೆ ನಾನು ಕೊಳ್ಳುವ ಮೊದಲ ನಾಣ್ಯ ಅದೇ.

ಅಕ್ಕಸಾಲಿ ಮನೆ

ನಾನು ನಾಣ್ಯ ಕೂಡಿಡೋನಲ್ಲ, ಚಿನ್ನದ ಕೆಲಸದವನು. ಮೈಸೂರಿನಲ್ಲಿ ನಮ್ಮ ತಂದೆ ಕಾಲದಿಂದ ಅಂಗಡಿ ಇದೆ. ಮಗ ಈ ಪುಟ ತೋರಿಸಿದ. ಪವನ್‌ಗೆ ಕೊಂಡಿ ಬೆಸೆದು ಸರ ಮಾಡಿಕೊಟ್ಟಿದ್ದೀನಿ, ಅದೇ ಕೊಂಡಿ ತೆಗೆದು ಮತ್ತೆ ನಾಣ್ಯ ಮಾಡಿಯೂ ಕೊಟ್ಟಿದ್ದೀನಿ. ಹಾಗಾಗಿ ಒಂದು ಮಾತು ಹೇಳಬೇಕು ಅನಿಸಿತು.

ಎಡಿಸನ್ ಸ್ವಾಮಿಯವರೇ, ಆ ಗೀರು ಹಳೇದೋ ಆಮೇಲಿನದೋ ಅಂತ ತಿಳಿಯೋದು ಕಷ್ಟ ಇಲ್ಲ. ಒಂದೇ ದೀಪ ಇಟ್ಟುಕೊಳ್ಳಿ, ಹತ್ತು ಪಟ್ಟು ಭೂತಗನ್ನಡಿ ಹಿಡಿದು ನಾಣ್ಯ ನಿಧಾನವಾಗಿ ವಾಲಿಸಿ. ಅಚ್ಚಾದ ಮೇಲೆ ಯಾರಾದರೂ ಅರ ಆಡಿಸಿದ್ದರೆ ಅದು ಎತ್ತರದ ಜಾಗ ಮಾತ್ರ ತಿನ್ನತ್ತೆ. ಕೂದಲ ಸುರುಳಿಯ ನೆತ್ತಿ ಸವರಿರತ್ತೆ, ಪಕ್ಕದ ತಗ್ಗಿಗೆ ಅರ ಇಳಿಯೋದಿಲ್ಲ. ಗೀರಿನ ಎರಡೂ ದಡದಲ್ಲಿ ಚಿನ್ನ ಚೂಪಾಗಿ ಎದ್ದು ಮಿಂಚತ್ತೆ. ಅಚ್ಚಿಗೆ ಮುಂಚೆ ಅರ ಹಾಕಿದ ಬಿಲ್ಲೆಯಾದರೆ ಗೀರು ನೆತ್ತಿಯಿಂದ ತಗ್ಗಿನ ಕಡೆಗೆ ಇಳಿಜಾರಿನ ಮೇಲೆಯೇ ಇಳಿದುಹೋಗಿರತ್ತೆ, ದಡ ಒತ್ತಿಗೆ ಮೆತ್ತಗಾಗಿರತ್ತೆ.

ಅದಕ್ಕಿಂತ ಮುಖ್ಯ, ಅಂಚು ನೋಡಿ. ಕವರಿನಿಂದ ಹೊರಗೆ ತೆಗೆಸಿಯೇ ನೋಡಿ. ಹನ್ನೆರಡು ಗಂಟೆಯ ಜಾಗ, ಅಂದರೆ ಟೋಪಿಯ ನೆತ್ತಿಯ ಮೇಲೆ. ಕೊಂಡಿ ಹಾಕೋದು ಅಲ್ಲೇ. ಬೆಸುಗೆ ಚಿನ್ನದ ಬಣ್ಣ ಬೇರೆ ಇರತ್ತೆ, ಸ್ವಲ್ಪ ಬಿಳಿಚಿಕೊಂಡಿರತ್ತೆ. ತೆಗೆದ ಮೇಲೆ ಎಷ್ಟೇ ಮೆರುಗು ಕೊಟ್ಟರೂ ಅಂಚಿನ ಅಡ್ಡಗೆರೆ ಮೊದಲಿನ ಹಾಗೆ ಕೂರಿಸೋದು ಕಷ್ಟ. ಗೆರೆ ಕೈಯಲ್ಲಿ ಮತ್ತೆ ಕೊರೆದಿದ್ದರೆ ಅಂತರ ಏರುಪೇರಾಗಿರತ್ತೆ. ಉಗುರು ಆಡಿಸಿದರೂ ಗೊತ್ತಾಗತ್ತೆ, ಆದರೆ ಬೇರೆಯವರ ನಾಣ್ಯಕ್ಕೆ ಉಗುರು ಆಡಿಸಬೇಡಿ. ಹಿಡಿಯೋದು ಅಂಚಿನಲ್ಲಿ ಮಾತ್ರ, ಕೆಳಗೆ ಬಟ್ಟೆ ಹಾಸಿಕೊಂಡು.

ಅಚ್ಚುಮೆಚ್ಚು

ಯಜಮಾನರೇ, ನೀವು ಬರೆದದ್ದು ನನಗೆ ಹನ್ನೆರಡು ವರ್ಷ ಮುಂಚೆ ಸಿಗಬೇಕಿತ್ತು. ನಾನು ಕೊಂಡ ಮೊದಲ ಹಳೆಯ ಚಿನ್ನ 1803ರ ಹಾಫ್ ಈಗಲ್. ಮಾರಿದವರು ಶುದ್ಧ ನಾಣ್ಯ ಅಂದರು, ನಾನು 3ರ ಅಡಿಯ 2 ನೋಡುವ ಸಂಭ್ರಮದಲ್ಲಿ ಹಿಂಬದಿಯ ಖಾಲಿ ಜಾಗವನ್ನು ನೋಡಲೇ ಇಲ್ಲ. ಗ್ರೇಡಿಂಗಿಗೆ ಕಳಿಸಿದಾಗ ಗ್ರೇಡ್ ಇಲ್ಲದೆ ವಾಪಸು ಬಂತು. ಯಾವುದೋ ಕಾಲದಲ್ಲಿ ರಂಧ್ರ ಮಾಡಿ, ಮುಚ್ಚಿ, ಅದರ ಮೇಲೆ ಒಂದು ನಕ್ಷತ್ರದ ಅರ್ಧ ಭಾಗವನ್ನು ಹೊಸದಾಗಿ ಕೊರೆದಿದ್ದರು. ಜೋಡಿಯ ಚಿತ್ರದ ಪಕ್ಕ ಇಟ್ಟು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಯಾಕೆಂದರೆ ಕೊರೆದ ನಕ್ಷತ್ರದ ಒಂದು ಮೂಲೆ ಯಾವ ಅಚ್ಚಿನಲ್ಲೂ ಆ ಕಡೆ ತಿರುಗಿಲ್ಲ. ಕೊಟ್ಟ ದುಡ್ಡಿನ ಅರ್ಧವೂ ವಾಪಸು ಬರಲಿಲ್ಲ. ಅಂದಿನಿಂದ ವೆರೈಟಿ ಗುರುತಿಸುವುದನ್ನು ಕಲಿತೆ. ಅಪರೂಪದ್ದು ಹುಡುಕಲಿಕ್ಕೆ ಅಲ್ಲ. ಅಚ್ಚು ಹೇಗಿತ್ತು ಅಂತ ಗೊತ್ತಿದ್ದರೆ ಅಚ್ಚಿನಲ್ಲಿ ಇಲ್ಲದ್ದು ನಾಣ್ಯದಲ್ಲಿ ಕಂಡ ಕೂಡಲೇ ಎದ್ದು ಕಾಣುತ್ತದೆ. ನಕಲಿಗೂ ಇದೇ ಪರೀಕ್ಷೆ. ಈಗ ನಕಲಿ ಸ್ಲ್ಯಾಬ್‌ನೊಳಗೇ ನಕಲಿ ನಾಣ್ಯ ಬರುತ್ತಿದೆ, ಚೀಟಿ ನಂಬಿ ಕೂರುವ ಕಾಲ ಹೋಯಿತು.

ಎಡಿಸನ್‌ವಾಸಿ

ಇವತ್ತು ಮೇಳಕ್ಕೆ ಹೋಗಿದ್ದೆ. ನಿಮ್ಮ ಮಾತುಗಳನ್ನು ಕಾಗದದಲ್ಲಿ ಬರೆದುಕೊಂಡು ಹೋದೆ. ವ್ಯಾಪಾರಿ ಒಳ್ಳೆಯವರು, ಕೇಳಿದ ಕೂಡಲೇ ಕವರಿನಿಂದ ತೆಗೆದು ಮಖಮಲ್ಲಿನ ತಟ್ಟೆಯ ಮೇಲೆ ಇಟ್ಟರು.

6ರ ತುದಿ ಚೂಪಾಗಿದೆ. ಕೆನ್ನೆಯ ಮೂರು ಗೀರು ಅಕ್ಕಸಾಲಿ ಯಜಮಾನರು ಹೇಳಿದಂತೆಯೇ ಇವೆ. ಕಿವಿಯ ಹತ್ತಿರದ ಸುರುಳಿಯ ಮೇಲಿಂದ ಹೊರಟು ತಗ್ಗಿನೊಳಕ್ಕೆ ಇಳಿದು ಮತ್ತೆ ಮುಂದಿನ ಸುರುಳಿ ಹತ್ತುತ್ತವೆ. ದಡ ನುಣ್ಣಗಿದೆ. ದೀಪ ವಾಲಿಸಿದಾಗ ಗೀರಿನೊಳಗೂ ಅದೇ ಹೊಳಪು ಹರಿಯಿತು. ಇನ್ನೂರು ವರ್ಷದ ಹಿಂದೆ ತಕ್ಕಡಿಯ ಮುಂದೆ ಕೂತು ಒಬ್ಬರು ಮೂರು ಸಲ ಅರ ಎಳೆದ ಗುರುತು ಅದು. ಅಷ್ಟು ಹೊತ್ತು ಒಂದು ಕೆನ್ನೆಯನ್ನೇ ನೋಡುತ್ತಾ ಕೂತಿದ್ದೆ.

ಆಮೇಲೆ ಅಂಚು ತಿರುಗಿಸಿದೆ. ಟೋಪಿಯ ನೆತ್ತಿಯ ನೇರಕ್ಕೆ, ಮೂರು ಮಿಲಿಮೀಟರಿನಷ್ಟು ಜಾಗದಲ್ಲಿ ಅಡ್ಡಗೆರೆಗಳ ಅಂತರ ಬೇರೆ. ಸುತ್ತಲಿನ ಗೆರೆಗಳಿಗಿಂತ ಒತ್ತಾಗಿ, ಸ್ವಲ್ಪ ಓರೆಯಾಗಿ. ಮುಂಬದಿಯಲ್ಲಿ ಅದೇ ಜಾಗದ ಅಂಚಿನ ಹಲ್ಲುಗಳಲ್ಲಿ ಎರಡು ಮಸುಕಾಗಿವೆ. ಬಣ್ಣದ ವ್ಯತ್ಯಾಸ ನನಗೆ ಗೊತ್ತಾಗಲಿಲ್ಲ. ಫೋಟೊ ಹಾಕಿದ್ದೇನೆ, ನೋಡಿ.

ಅಕ್ಕಸಾಲಿ ಮನೆ

ಕೊಂಡಿ ಇತ್ತು ಸ್ವಾಮಿ. ತೆಗೆದವನು ಕೆಲಸ ಬಲ್ಲವನು, ಆದರೆ ಇತ್ತು.

ಶಾಸನದ ಹುಡುಗಿ

ಸರ್, ರಾತ್ರಿಯೆಲ್ಲ ಕೂತು ಹುಡುಕಿದೆ, ಸಿಕ್ಕಿತು. ಸುಮಾರು ಇಪ್ಪತ್ತು ವರ್ಷ ಹಿಂದಿನ ಒಂದು ಹರಾಜಿನ ಚಿತ್ರ. ಕೆನ್ನೆಯ ಮೂರು ಗೀರು ಅದೇ ಓರೆ, ಅದೇ ಅಂತರ. 0 ಮತ್ತು 6ರ ನಡುವೆ ಇರುವ ಸಣ್ಣ ಚುಚ್ಚು ಗುರುತೂ ಅಲ್ಲೇ ಇದೆ. ಅರದ ಗೆರೆ ಬೆರಳಚ್ಚಿನ ಹಾಗೆ, ಎರಡು ಬಿಲ್ಲೆಯಲ್ಲಿ ಒಂದೇ ತರಹ ಬೀಳಲಾರದು. ಆ ಚಿತ್ರದಲ್ಲಿ ಟೋಪಿಯ ಮೇಲಿನ ಅಂಚಿನಲ್ಲಿ ಕಡಲೆಯಷ್ಟು ಗಡ್ಡೆ ಇನ್ನೂ ಉಳಿದಿದೆ. ಕೆಳಗೆ ಕೊಂಡಿ ತೆಗೆದ ನಾಣ್ಯ ಅಂತ ಸ್ಪಷ್ಟವಾಗಿ ಬರೆದೇ ಮಾರಿದ್ದಾರೆ. ಅದಾದ ಮೇಲೆ ಯಾರೋ ಗಡ್ಡೆ ಸವರಿ, ಗೆರೆ ಕೊರೆದು, ಬರಿಯ 1806 ಎಂಬ ಚೀಟಿ ಹಾಕಿದ್ದಾರೆ.

ಆದರೂ ನನ್ನ ಅಭಿಪ್ರಾಯ, ಬೆಲೆ ಇಳಿಸಿದರೆ ಇದನ್ನೇ ಕೊಳ್ಳಿ. ಚೂಪು 6 ಮತ್ತೆ ಮತ್ತೆ ಸಿಗುವುದಿಲ್ಲ. ಅಂಚು ಕೆಟ್ಟರೂ ಅಚ್ಚಿನ ಗುರುತೆಲ್ಲ ಹಾಗೇ ಇದೆ. ಅಧ್ಯಯನಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು?

ಅಚ್ಚುಮೆಚ್ಚು

ಹುಡುಕಿದ್ದಕ್ಕೆ ದೊಡ್ಡ ನಮಸ್ಕಾರ ಕಣಮ್ಮ, ಇದು ಸಣ್ಣ ಕೆಲಸವಲ್ಲ. ಆದರೆ ಕೊಳ್ಳುವ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಐವತ್ತು ನಾಣ್ಯ ಇರುವವರು ಐವತ್ತೊಂದನೆಯದಾಗಿ ಇದನ್ನು ಇಟ್ಟುಕೊಳ್ಳಲಿ. ಇವರಿಗೆ ಇದು ಮೊದಲನೆಯದು, ಎರಡು ವರ್ಷದ ಉಳಿತಾಯ. ನಾಳೆ ಕಷ್ಟ ಬಂದು ಮಾರಬೇಕಾದರೆ ಗ್ರೇಡ್ ಸಿಗದ ನಾಣ್ಯಕ್ಕೆ ಕೊಳ್ಳುವವರು ಕಡಿಮೆ. ಸ್ಲ್ಯಾಬ್‌ನಲ್ಲಿದ್ದ ಗುಂಡು 6ರ ಬಿಡಿ-6 ಇನ್ನೂ ಇದ್ದರೆ ಅದನ್ನು ನೋಡಿ. ಸುಲಭವಾಗಿ ಸಿಗುತ್ತದೆ ಎಂದ ಮಾತ್ರಕ್ಕೆ ಕೀಳಲ್ಲ, ಅದೂ ಅದೇ ಟಂಕಸಾಲೆಯ ಕೈಕೆಲಸ.

ಫಿಲ್ಲಿ ಕನ್ನಡತಿ

ನನಗಂತೂ ಆ ಕೊಂಡಿಯೂ ನಾಣ್ಯದ ಬದುಕಿನ ಒಂದು ಭಾಗ ಅನಿಸುತ್ತದೆ. ಯಾರದೋ ಕೊರಳಲ್ಲಿ ಇದ್ದದ್ದಕ್ಕೇ ಬಹುಶಃ 1834ರಲ್ಲಿ ಮೂಸೆಗೆ ಹೋಗದೆ ಉಳಿಯಿತು. ತಪ್ಪು ಇರುವುದು ಅದನ್ನು ಮುಚ್ಚಿಟ್ಟದ್ದರಲ್ಲಿ. ವ್ಯಾಪಾರಿಗೆ ಆ ಹಳೆಯ ಹರಾಜಿನ ಚಿತ್ರ ತೋರಿಸಿ, ಅವರಿಗೂ ಗೊತ್ತಿಲ್ಲದಿರಬಹುದು.

ಎಡಿಸನ್‌ವಾಸಿ

ಚಿತ್ರ ತೋರಿಸಿದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಐದು ನಿಮಿಷ ಭೂತಗನ್ನಡಿ ಹಿಡಿದು ಅಂಚನ್ನೇ ನೋಡಿದರು, ಆಮೇಲೆ ಕವರಿನ ಮೇಲೆ ತಾವೇ ಕೊಂಡಿ ತೆಗೆದದ್ದು ಎಂದು ಬರೆದರು. ಬೆಲೆಯನ್ನೂ ಇಳಿಸಿದರು. ನಾನು ಕೊಳ್ಳಲಿಲ್ಲ. ಹೊರಡುವಾಗ ಮನಸ್ಸು ಎಳೆಯಿತು, ಅದು ನಿಜ.

ಬಿಡಿ-6 ಇನ್ನೂ ಮಾರಾಟವಾಗಿರಲಿಲ್ಲ. ಸ್ಲ್ಯಾಬ್‌ನ ಸಂಖ್ಯೆಯನ್ನು ಗ್ರೇಡಿಂಗ್ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಅವರ ಚಿತ್ರದ ಜೊತೆ ಹೋಲಿಸಿ ನೋಡಿದೆ, ನಕ್ಷತ್ರ ನಕ್ಷತ್ರವೂ ಕೂಡಿತು. ನಿನ್ನೆ ಸಂಜೆ ಮನೆಗೆ ತಂದೆ. ಮಗಳು ಎಣಿಸಿದಳು, ಎಡಕ್ಕೆ 7, ಬಲಕ್ಕೆ 6. ಹಿಂಬದಿಯಲ್ಲಿ ಹದ್ದಿನ ಎಡ ರೆಕ್ಕೆಯಿಂದ ಮೇಲಿನ ಅಕ್ಷರದ ಕಡೆಗೆ ಸಣ್ಣ ಎತ್ತರಿಸಿದ ಗೆರೆ ಹೋದ ಹಾಗೆ ಕಾಣುತ್ತಿದೆ. ಬಿರುಕೋ, ಸ್ಲ್ಯಾಬ್ ಪ್ಲಾಸ್ಟಿಕ್ಕಿನ ಗೀರೋ ತಿಳಿಯುತ್ತಿಲ್ಲ. ಹಗಲಿನ ಬೆಳಕಿನಲ್ಲಿ ಫೋಟೊ ತೆಗೆದು ನಾಳೆ ಹಾಕುತ್ತೇನೆ. ಅಚ್ಚುಮೆಚ್ಚು ಸಾರ್, ಶಾಸನದ ಹುಡುಗಿ, ನೀವಿಬ್ಬರೂ ನೋಡಿ ಹೇಳಬೇಕು.